ಆಯುಧಪೂಜೆಯ ದಿನ ಕ್ರೇನ್ ಎತ್ತಿದ ಕಲ್ಲು

ಕಳೆದ ವರ್ಷ ನವರಾತ್ರಿ ಮುಗಿದ ಮರುವಾರ ನಡೆದ ಸಂಗತಿಯಿದು. ತಂಗಿಯ ಮಗಳು ಹರಿಣಾಕ್ಷಿ ವಾಮದಪದವಿನ ನಮ್ಮ ಮನೆಗೆ ಬಂದವಳೇ, "ಮಾವ, ನನ್ನ ಕೆಲಸ ಹೋಗ್ತದೆ" ಎಂದಳು. ಬಂಟ್ವಾಳದ ಗ್ರಾನೈಟ್ ರಫ್ತುದಾರರೊಬ್ಬರ ಕಚೇರಿಯಲ್ಲಿ ಅವಳು ಹಡಗಿನ ಕಾಗದಪತ್ರ ನೋಡಿಕೊಳ್ಳುತ್ತಾಳೆ.

ಕಲ್ಲುಗಳನ್ನು ಹಡಗಿಗೆ ತುಂಬಲು ಕರಾರಿನಲ್ಲಿ ನಾಲ್ಕು ದಿನವಿತ್ತು. ತಡವಾದರೆ ರಫ್ತುದಾರರು ದಂಡ ತೆರಬೇಕು. ಬೇಗ ಮುಗಿಸಿದರೆ ಉಳಿದ ಸಮಯಕ್ಕೆ ಹಡಗಿನವರೇ ಬಹುಮಾನ ಕೊಡಬೇಕು. ರಜಾದಿನಕ್ಕೆ ವಿನಾಯಿತಿ, ಆದರೆ ಅಂದು ಸರಕು ತುಂಬಿಸಿದರೆ ಇಲ್ಲ. ಆಯುಧಪೂಜೆಯಂದು ಕ್ರೇನ್ ಕಲ್ಲೆತ್ತಿದೆ, ಆದ್ದರಿಂದ ಆ ದಿನವೂ ಲೆಕ್ಕಕ್ಕೆ ಸೇರಿ ಅರ್ಧ ದಿನ ತಡವಾಗಿದೆ ಎಂಬುದು ಹಡಗಿನವರ ವಾದ. ಹಾಗೆಂದು ಬರೆದಿದ್ದ ಅವರ ದಿನವರದಿಯ ಕೆಳಗೆ ಹರಿಣಾಕ್ಷಿಯ ಸಹಿಯೂ ಇತ್ತು.

"ಎತ್ತಿದ್ದು ಹೌದು ಮಾವ, ನಾನೇ ನೋಡಿದ್ದೇನೆ."

"ಎತ್ತಿ ಎಲ್ಲಿ ಇಳಿಸಿದ್ರು?"

ಮೂವತ್ತು ವರ್ಷ ಬಂದರಿನಲ್ಲಿ ಸರಕು ಎಣಿಸಿದವನು ನಾನು. ಪೂಜೆಯ ಬಳಿಕ ಕ್ರೇನ್ ಒಂದೇ ಒಂದು ಕಲ್ಲನ್ನು ಆಳೆತ್ತರಕ್ಕೆ ಎತ್ತಿ, ಇದ್ದಲ್ಲಿಯೇ ಇಳಿಸುವುದು ಅಲ್ಲಿನ ಪದ್ಧತಿ. ಅನಂತರ ಪಂಚಕಜ್ಜಾಯ ಹಂಚಿ ಎಲ್ಲರೂ ಮನೆಗೆ ಹೋಗುತ್ತಾರೆ.

ಮರುದಿನ ಇಬ್ಬರೂ ಬಂಟ್ವಾಳಕ್ಕೆ ಹೋದೆವು. ಅವಳ ಧಣಿಗಳು ನನ್ನನ್ನು ನೋಡಿ ನಕ್ಕರು.

"ವಕೀಲರೇ ಸೋಲು ಒಪ್ಪಿ ಆಯ್ತು ಮಾರಾಯ್ರೆ. ನೀವು ಏಳನೇ ಕ್ಲಾಸ್ ಅಲ್ವಾ?"

"ಹೌದು. ವಕೀಲರು ಬಂದರಿನಲ್ಲಿ ಎಷ್ಟು ವರ್ಷ ನಿಂತಿದ್ದಾರೆ?"

ರಫ್ತಾಗುವ ಪ್ರತಿಯೊಂದು ಕಲ್ಲಿನ ಮೇಲೂ ಬಣ್ಣದಲ್ಲಿ ಸಂಖ್ಯೆ ಬರೆದಿರುತ್ತಾರೆ. ಹರಿಣಾಕ್ಷಿಯ ಮೊಬೈಲಿನಲ್ಲಿದ್ದ ಪೂಜೆಯ ಚಿತ್ರದಲ್ಲಿ, ಕ್ರೇನ್ ಎತ್ತಿದ ಕಲ್ಲಿನ ಮೇಲೆ ಸೇವಂತಿಗೆ ಮಾಲೆಯ ಕೆಳಗೆ ನಲವತ್ತೊಂದು ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಸರಕು ಎಣಿಕೆಯ ಹಾಳೆ ತರಿಸಿದೆ. ನಲವತ್ತೊಂದನೆಯ ಕಲ್ಲು ಹಡಗಿಗೆ ಏರಿದ್ದು ಪೂಜೆಯ ಮರುದಿನ ಬೆಳಿಗ್ಗೆ. ಅದಕ್ಕೆ ಹಡಗಿನ ಅಧಿಕಾರಿಯದೇ ಸಹಿ! ಪೂಜೆಯ ದಿನದ ಹಾಳೆಯಲ್ಲಿ ಒಂದು ಕಲ್ಲೂ ಇರಲಿಲ್ಲ.

ಧಣಿಗಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. "ಇದನ್ನು ನಾವ್ಯಾರೂ ನೋಡ್ಲೇ ಇಲ್ಲ ಅಲ್ವಾ?"

ಉತ್ತರವನ್ನು ಹರಿಣಾಕ್ಷಿಯೇ ಬರೆಯಬೇಕೆಂದು ನಾನು ಪಟ್ಟುಹಿಡಿದೆ. ಚಿತ್ರ ಮತ್ತು ಹಾಳೆಗಳನ್ನು ಸೇರಿಸಿ, ಒಂದೂವರೆ ಪುಟದಲ್ಲಿ ಬರೆದು ಕಳುಹಿಸಿದಳು. ಎರಡು ವಾರಗಳಲ್ಲಿ ಹಡಗಿನವರು ದಂಡದ ಮಾತನ್ನು ಹಿಂತೆಗೆದುಕೊಂಡರು. ಪೂಜೆಯ ದಿನ ಬಿಟ್ಟು ಎಣಿಸಿದಾಗ ತಡವಾಗುವುದಿರಲಿ, ಅರ್ಧ ದಿನ ಉಳಿದಿದೆಯೆಂದು ಬಹುಮಾನವನ್ನೂ ಕೊಟ್ಟರು. ಈಗ ಆ ಕಚೇರಿಯ ಹಡಗಿನ ವ್ಯವಹಾರವೆಲ್ಲ ಅವಳ ಕೈಯಲ್ಲಿದೆ.

ಮೊನ್ನೆ ಯಾವುದೋ ಕರಾರಿನ ಬಗ್ಗೆ ನನ್ನ ಅಭಿಪ್ರಾಯ ಹೇಳಿದೆ. "ನೋಡದೆ ಒಪ್ಪುವುದಿಲ್ಲ ಮಾವ, ಕಾಗದ ತೋರಿಸಿ" ಎಂದಳು. ಕಾಗದ ನೋಡಿದಾಗ ತಪ್ಪು ನನ್ನದೇ ಆಗಿತ್ತು. ಅಂದು ಬಂಟ್ವಾಳದಲ್ಲಿ ಗೆದ್ದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.