ಗೋಡೆ ಮೇಲಿನ ಮೊದಲ ತುತ್ತು

ಬಿಸಿ ಅನ್ನಕ್ಕೆ ಕಡ್ಲೆಕಾಯಿ ಎಣ್ಣೆ ಹಾಕಿ ಕಲೆಸಿದ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನ್ನ ಕೈ ತಟ್ಟೆಯಿಂದ ಹಿಂದಕ್ಕೆ ಸರಿಯುತ್ತದೆ. ಹೋದ ವಾರ ಬಂಗಾರಪೇಟೆ ಸ್ಟೇಷನ್ನಿನ ಪಕ್ಕದ ಮೆಸ್ಸಿನಲ್ಲಿ ಹೀಗೇ ಆಯಿತು. ಜೊತೆಗಿದ್ದವಳು "ಯಾಕೆ, ಉಪ್ಪು ಜಾಸ್ತಿಯಾ?" ಅಂದಳು. ಹೌದು ಅಂದುಬಿಟ್ಟೆ. ಉಪ್ಪಿನ ಕತೆಯಾದರೆ ಒಂದು ಮಾತಲ್ಲಿ ಮುಗಿಯುತ್ತದೆ. ನನ್ನದು ನಂದಿದುರ್ಗ ಗಣಿಯ ಕೂಲಿಗಳಿಗೆ ಸಾಲಾಗಿ ಕಟ್ಟಿದ್ದ ಲೈನಿನ ಒಂದು ಮನೆಯ ಕತೆ. ಅದರ ಚಾವಣಿ ಈಗ ಅರ್ಧ ಕುಸಿದಿದೆ, ಬಾಗಿಲನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ನೀವೂ ಹೀಗೊಂದು ಮನೆ ಕಳೆದುಕೊಂಡವರಾದರೆ ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನೆನಪು ಬಂದರೆ ಅಳು ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗೇನೂ ಆಗುವುದಿಲ್ಲ. ಕಾಲು ಜೋಮು ಹಿಡಿದ ಹಾಗಿರುತ್ತದೆ, ಅಷ್ಟೆ.

ತಾತ ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಸಿಕ್ಕಿದ ಮನೆ ಅದು. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿ ಸುಣ್ಣ ಬಳಿದ ಗೋಡೆಗಳು, ಮೇಲೆ ತಗಡು, ಮುಂದೆ ಸೊಂಟದೆತ್ತರದ ಕಾಂಪೌಂಡು. ಗಣಿ ಮುಚ್ಚಿದ ಮೇಲೆ ಲೈನಿನ ಗಂಡಸರೆಲ್ಲ ಹೊರಗಡೆ ದುಡಿಯಲು ಹೊರಟರು. ಅಪ್ಪನೂ ಕತ್ತಲೆ ಇರುವಾಗಲೇ ಎದ್ದು ಫ್ಯಾಕ್ಟರಿ ವ್ಯಾನು ಹತ್ತುತ್ತಿದ್ದ. ಅವನು ಹೊರಟ ಮೇಲೆ ಅಮ್ಮ ಅನ್ನದ ಪಾತ್ರೆಯಿಂದ ಮೊದಲ ಹಿಡಿ ತೆಗೆದು, ಉಪ್ಪು, ಕಡ್ಲೆಕಾಯಿ ಎಣ್ಣೆ ಹಾಕಿ ಉಂಡೆ ಕಟ್ಟಿ ಕಾಂಪೌಂಡಿನ ಮೇಲೆ ಇಡುತ್ತಿದ್ದಳು. ಅದು ಕಾಗೆಗಳ ಪಾಲು. ಅವು ತಿಂದ ಮೇಲೇ ನಮಗೆ. ರಜೆಯ ದಿನ ಅಪ್ಪ ಬಿಸಿಲೇರುವ ತನಕ ಮಲಗಿರುತ್ತಿದ್ದ. ಹೀಗಾಗಿ ಅಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಕಾಗೆಗೆ ಅನ್ನ ಇಡುವುದನ್ನು ಅವನು ಒಂದು ಸಲವೂ ನೋಡಿರಲಿಲ್ಲ. ನಮಗೂ ಅದು ಹೇಳಬೇಕಾದ ವಿಷಯ ಅನ್ನಿಸಿರಲಿಲ್ಲ.

ಊರಿಗೆಲ್ಲ ಮಾಸ್ಕು ಬಂದ ವರ್ಷ ಅಮ್ಮನಿಗೆ ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದಳು, ವಾಪಸು ಬರಲಿಲ್ಲ. ಅಪ್ಪ ಒಬ್ಬನೇ ಹೋಗಿ ದೂರದಿಂದ ನೋಡಿದ, ಸುತ್ತಿಟ್ಟಿದ್ದನ್ನು. ಮುಖ ಅವನಿಗೂ ಕಾಣಲಿಲ್ಲ. ಹನ್ನೊಂದನೇ ದಿನದ ಕಾರ್ಯವೂ ನಡೆಯಲಿಲ್ಲ. ಮನೆಗೆ ಯಾರೂ ಬರುವ ಹಾಗಿರಲಿಲ್ಲ. ಯಾರಾದರೂ ಬಂದು ತಬ್ಬಿಕೊಂಡರೆ ತಾನೆ ಅಳು ಬರುವುದು. ಅಪ್ಪ, ಅಜ್ಜಿ, ನಾನು ಮೂರು ಮೂಲೆಯಲ್ಲಿ ಕೂತೆವು. ಕೊನೆಗೆ ಅಜ್ಜಿ, ಅಪ್ಪನ ತಾಯಿ, ಒಂದು ದಾರಿ ಹೇಳಿದಳು. "ಮಾಲಯ ಅಮಾಸೆಗೆ ಎಡೆ ಇಕ್ಕಾನ ಕಣ್ಲಾ. ಕಾಗೆ ಮುಟ್ತು ಅಂದ್ರೆ ಅವಳು ನೆಮ್ಮದಿಯಾಗವ್ಳೆ ಅಂತ." ಅಪ್ಪ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನಿಗೆ ಬೇರೆ ಏನೂ ಉಳಿದಿರಲಿಲ್ಲ.

ಸ್ಕೂಲು ಮುಚ್ಚಿತ್ತು. ಪಾಠ ಬರುತ್ತಿದ್ದ ಫೋನು ಅಪ್ಪನ ಜೇಬಲ್ಲಿ ಫ್ಯಾಕ್ಟರಿಗೆ ಹೋಗುತ್ತಿತ್ತು. ಆಗ ಬೂದಿಕೋಟೆಯಿಂದ ಅಪ್ಪನ ತಂಗಿ ರತ್ನತ್ತೆ ಬಂದು ನಮ್ಮ ಮನೆಯಲ್ಲೇ ಉಳಿದಳು. ನರ್ಸರಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದವಳು. ನಮ್ಮ ಜಗುಲಿಯೇ ಸ್ಕೂಲಾಯಿತು. ವನ್ಯಜೀವಿ ಸಂರಕ್ಷಣೆಯ ಪಾಠಕ್ಕೆ ನಾನು ಹುಲಿ ಬರೆದೆ. ಅತ್ತೆ ಹಾಳೆ ನೋಡಿ, "ಯಾವಾಗ ನೋಡ್ದೆ ಹುಲೀನ? ನೋಡಿರೋದನ್ನ ಬರಿ ಪಾಪು" ಅಂದಳು. ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಆಚೆಯ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿ ಕೃಷ್ಣಮೃಗಗಳನ್ನು ತೋರಿಸಿದಳು. ತಮ್ಮೂರ ಕಡೆ ಆನೆ ಬಂದಾಗ ಜನ ಪಟಾಕಿ ಹೊಡೆಯುತ್ತಾರೆ, ಮರಿಯಾನೆ ಹೆದರಿ ತಾಯಿಯ ಕಾಲ ಸಂದಿಗೆ ಸೇರಿಕೊಳ್ಳುತ್ತದೆ ಅಂತ ಹೇಳಿದಳು. ಅದರ ಮುಂದಿನ ಪಾಠ 'ನಮ್ಮ ಕುಟುಂಬ'. ಪುಟದ ತುಂಬ ಅಪ್ಪ, ಅಮ್ಮ, ಮಕ್ಕಳು ನಗುತ್ತಾ ನಿಂತಿದ್ದರು. ಮನೆಯವರೆಲ್ಲ ಸೇರಿ ಒಂದು ದಿನ ಸಂಭ್ರಮಿಸಿ ಅಂತ ಬರೆದಿತ್ತು. ಅತ್ತೆ ಆ ಪುಟ ಮಗುಚಿದಳು. "ಯಾವ್ದಾದ್ರೂ ಒಂದು ಪ್ರಾಣಿ ಸಂಸಾರ ನೋಡ್ಕೊಂಡು ಬಾ. ಅದೇ ನಿನ್ನ ಪಾಠ."

ದೂರ ನಡೆಯಲು ಸೋಮಾರಿತನ. ಕಾಗೆ ಅಂದೆ. ಅಮ್ಮ ಹೋದ ಮೇಲೆ ಉಂಡೆ ಇಡುವ ಕೆಲಸ ನನ್ನದೇ ಆಗಿತ್ತು, ಅವು ಹೇಗೂ ಬರುತ್ತಿದ್ದವು. ಜಗುಲಿಯಲ್ಲಿ ಕೂತು ನೋಡುತ್ತಾ ಹೋದ ಹಾಗೆ ಅವು ಬೇರೆ ಬೇರೆಯಾಗಿ ಕಾಣತೊಡಗಿದವು. ಒಂದರ ಕಾಲ್ಬೆರಳು ಸೊಟ್ಟ. ಅದು ತಾನು ತಿನ್ನದೆ ಜೋಡಿಯ ಬಾಯಿಗೆ ಇಡುತ್ತಿತ್ತು. ಜೊತೆಗೆ ಅವುಗಳ ಮರಿ, ತಾಯಿಯಷ್ಟೇ ಬೆಳೆದು ನಿಂತಿದ್ದರೂ ಕೆಂಪು ಬಾಯಿ ಅಗಲಿಸಿ ರೆಕ್ಕೆ ಅದುರಿಸುತ್ತಿತ್ತು. "ನೋಡು ಅದರ ಸೊಕ್ಕು, ನಿನ್ನ ತರಾನೇ" ಅಂದಳು ಅತ್ತೆ. ನನಗೆ ನಗು ಬಂತು. ಅಮ್ಮ ಹೋದ ಮೇಲೆ ಬಂದ ಮೊದಲ ನಗು, ನಕ್ಕ ಮೇಲೆ ನಾಚಿಕೆಯಾಯಿತು.

ಅಮಾವಾಸ್ಯೆ ಹತ್ತಿರ ಬರುತ್ತಿದ್ದಾಗ ಎಡೆಗೆಂದು ಎತ್ತಿಟ್ಟಿದ್ದ ಅಕ್ಕಿಮೂಟೆಗೆ ಹೆಗ್ಗಣ ಬಾಯಿ ಹಾಕಿತು. ಲೈನಿನ ಮನೆಗಳಲ್ಲಿ ಹೆಗ್ಗಣದ ಕಾಟ ಹೊಸದಲ್ಲ, ಆದರೆ ಅಪ್ಪನಿಗೆ ಆ ಅಕ್ಕಿ ಬೇರೆಯೇ ಆಗಿತ್ತು. ಪೇಟೆಯಿಂದ ಪಾಷಾಣದ ಪುಡಿ ತಂದ. ನಾವೆಲ್ಲ ಮಲಗಿದ ಮೇಲೆ ಅನ್ನಕ್ಕೆ ಕಡ್ಲೆಕಾಯಿ ಎಣ್ಣೆ ಹಾಕಿ, ಪುಡಿ ಕಲೆಸಿ ಉಂಡೆ ಕಟ್ಟಿದ. ನೆಲದಲ್ಲಿಟ್ಟರೆ ಪಕ್ಕದ ಮನೆಯ ಕೋಳಿ, ನಾಯಿ ತಿಂದಾವು ಅಂತ ಯೋಚಿಸಿ, ಹೆಗ್ಗಣ ಓಡಾಡುತ್ತಿದ್ದ ಕಾಂಪೌಂಡಿನ ಮೇಲೆ ಸಾಲಾಗಿ ಇಟ್ಟ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಬೆಳಿಗ್ಗೆ ಯಾರಿಗೂ ಹೇಳದೆ ವ್ಯಾನು ಹತ್ತಿದ.

ನಾನು ಉಂಡೆ ಹಿಡಿದುಕೊಂಡು ಹೊರಗೆ ಬಂದಾಗ ಸೊಟ್ಟ ಬೆರಳಿನದು ಗೋಡೆಯ ಬುಡದಲ್ಲಿ ಬಿದ್ದಿತ್ತು. ಜೋಡಿ ಸ್ವಲ್ಪ ಆಚೆಗೆ. ಮರಿಯೂ ಬಿದ್ದಿತ್ತು, ಬಾಯಿ ಇನ್ನೂ ತೆರೆದೇ ಇತ್ತು, ಸದ್ದು ಇರಲಿಲ್ಲ. ತಗಡಿನ ಮೇಲೆ ಲೈನಿನ ಕಾಗೆಗಳೆಲ್ಲ ಸೇರಿ ಕೂಗಿದವು, ಆಮೇಲೆ ಒಟ್ಟಿಗೆ ಎದ್ದು ಹುಣಸೆಮರಕ್ಕೆ ಹೋದವು. ಅತ್ತೆ ನನ್ನ ಕೈಯಲ್ಲಿದ್ದ ಉಂಡೆ ಕಿತ್ತುಕೊಂಡು, ಸೋಪು ಹಾಕಿ ನನ್ನ ಕೈ ತೊಳೆಸಿದಳು. ಹಳ್ಳ ತೋಡಿ ಮೂರನ್ನೂ ಹೂತಳು. ಅಂದು ಪಾಠ ಮಾಡಲಿಲ್ಲ. ಸಾಯಂಕಾಲ ಅಪ್ಪ ಬಂದು ಬೂಟು ಬಿಚ್ಚುತ್ತಿದ್ದ ಹಾಗೇ ಅಜ್ಜಿ ಕೇಳಿದಳು.

"ಏನ್ಲಾ ಮಾಡ್ಬುಟ್ಟೆ? ಅವಳು ದಿನಾ ಉಂಡೆ ಇಕ್ತಿದ್ದ ಜಾಗ ಅದು."

"ಇಕ್ತಿದ್ಲಾ? ನಂಗೊತ್ತಿಲ್ಲಮ್ಮ" ಅಂದ ಅಪ್ಪ. ಬಿಚ್ಚಿದ್ದ ಬೂಟಿಗೆ ಮತ್ತೆ ಕಾಲು ಹಾಕಿದ. ಎಲ್ಲಿಗೂ ಹೋಗಲಿಲ್ಲ.

ಅಮಾವಾಸ್ಯೆಯ ದಿನ ಅವನೇ ಗೋಡೆ ಉಜ್ಜಿ ತೊಳೆದ, ಅರಿಶಿನದ ನೀರು ಚಿಮುಕಿಸಿದ. ಬಾಳೆಲೆ ತುಂಬ ಅನ್ನ, ವಡೆ, ಪಾಯಸ, ಅಮ್ಮನಿಗೆ ಇಷ್ಟವಾದ ಅವರೆಕಾಳಿನ ಹುಳಿ. ಕಾಗೆಗಳು ಹುಣಸೆಮರದಲ್ಲೇ ಕೂತು ನೋಡಿದವು. ಅಪ್ಪ ಕಾ ಕಾ ಅಂತ ಕರೆದ. ಲೈನಿನ ಬೇರೆ ಮನೆಗಳಲ್ಲಿ ಎಡೆ ಎತ್ತಿ ಊಟವೂ ಆಯಿತು. ಬಿಸಿಲು ಇಳಿಯಿತು. ಅಜ್ಜಿ, "ಓಗ್ಲಿ ಬುಡು, ಹಸೂಗೆ ಇಕ್ಬುಡಾನ" ಅಂದಳು. ಆಗ ಅಪ್ಪ ಎಲೆಯಿಂದ ಒಂದು ತುತ್ತು ತೆಗೆದು, ಹುಣಸೆಮರದ ಕಡೆ ಮುಖ ಮಾಡಿ, ಬಾಯಿಗೆ ಹಾಕಿಕೊಂಡು ಅಗಿದ. ಎಡೆಯನ್ನು ಕಾಗೆ ಮುಟ್ಟುವ ಮೊದಲು ಯಾರೂ ಮುಟ್ಟುವ ಹಾಗಿಲ್ಲ. ಅಜ್ಜಿ ಹಣೆ ಚಚ್ಚಿಕೊಂಡಳು. "ಎಂಜ್ಲಾಯ್ತಲ್ಲೋ."

"ಆಗ್ಲಿ. ಇದ್ರಾಗೆ ಏನೂ ಇಲ್ಲ ಅಂತ ಅವು ನೋಡ್ಲಿ" ಅಂದ.

ಕಾಗೆ ಬರಲಿಲ್ಲ.

ಮಾರನೆಯ ದಿನದಿಂದ ಅವನು ಇನ್ನೂ ಬೇಗ ಎದ್ದು ತಾನೇ ಅನ್ನ ಮಾಡತೊಡಗಿದ. ಗೋಡೆಯ ಮೇಲೆ ಉಂಡೆ ಇಟ್ಟು, ಅದರಲ್ಲೇ ಒಂದು ತುತ್ತು ಮುರಿದು ತಿಂದು, ವ್ಯಾನಿಗೆ ಓಡುತ್ತಿದ್ದ. ಅತ್ತೆ ನನ್ನ ಪಾಠ ಮುಂದುವರಿಸಿದಳು. ಪಾಷಾಣ ಇಡಬೇಡಿ ಅಂತ ನಾವಿಬ್ಬರೂ ಬರೆದ ಹಾಳೆಗಳನ್ನು ಲೈನಿನ ಮನೆಮನೆಗೂ ಅಂಟಿಸಿದೆವು. ಅಪ್ಪನೂ ಒಂದು ಅಂಟಿಸಿದ. ನನಗೆ ಅವನ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಮರುಕವೂ ಬರಲಿಲ್ಲ. ಅನ್ನ ಬೇಯುವ ಸದ್ದಿಗೆ ಎಚ್ಚರವಾಗಿ, ಜಗುಲಿಯಲ್ಲಿ ಕೂತು ನೋಡುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಗೆಯೊಂದು ಬಂತು. ಯಾವುದೋ ಗೊತ್ತಿಲ್ಲದ ಕಾಗೆ. ಗೋಡೆಯ ಆ ತುದಿಯಲ್ಲಿ ಕೂತು, ಅಪ್ಪ ತಿನ್ನುವುದನ್ನು ಕತ್ತು ಓರೆ ಮಾಡಿ ನೋಡಿ, ಉಳಿದ ಉಂಡೆ ಕಚ್ಚಿಕೊಂಡು ಹಾರಿಹೋಯಿತು. ಅಪ್ಪ ಅಲುಗಾಡಲಿಲ್ಲ. ರಸ್ತೆಯಲ್ಲಿ ವ್ಯಾನು ಹಾರನ್ ಹೊಡೆಯುತ್ತಿತ್ತು. ಅವನು ನನ್ನ ಕಡೆ ತಿರುಗಿದ.

"ನಿಮ್ಮಮ್ಮ ಉಂಡೆ ಇಕ್ಬುಟ್ಟು ಒಳೀಕ್ ಬತ್ತಿದ್ಲಾ, ಇಲ್ಲಾ ನಿಂತ್ಕೊಂತಿದ್ಲಾ?"

"ನಿಂತ್ಕೊಂತಿದ್ಲು."

"ಕಾಗೆ ನೋಡ್ಕೊಂಡು?"

"ಇಲ್ಲ. ನಿನ್ನ ವ್ಯಾನು ನೋಡ್ಕೊಂಡು. ಅದು ದಿಬ್ಬ ದಾಟೋ ತಂಕ."

ಹಾರನ್ ನಿಂತಿತು. ವ್ಯಾನು ಅವನನ್ನು ಬಿಟ್ಟು ಹೊರಟಿತು. ಅದು ದಿಬ್ಬ ದಾಟುವ ತನಕ ಅಪ್ಪ ಗೋಡೆಯ ಪಕ್ಕದಲ್ಲೇ ನಿಂತು ನೋಡುತ್ತಿದ್ದ.