ರೊಟ್ಟಿ ಮುಟ್ಟದ ಟೀಚರಮ್ಮ

ಹೋದ ವಾರ ಕುರುಗೋಡಿನ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಹೆಂಗಸಿನ ನೂಲಿನ ಸೀರೆಯಿಂದ ಗಂಜಿಯ ವಾಸನೆ ಬಂತು. ತುತ್ತು ಕೈಯಲ್ಲೇ ನಿಂತಿತು. ಸಿರುಗುಪ್ಪದ ನಮ್ಮ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಬೈಬಲ್ ಕತೆ ಹೇಳುತ್ತಿದ್ದ ಟೀಚರಮ್ಮನ ವಾಸನೆ ಅದು...

ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಾಡಿ ಬದುಕುತ್ತಿದ್ದವರು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಚರ್ಚಿನ ಪಾದ್ರಿ, ಸಭಾಪಾಲಕರ ಹೆಂಡತಿ ಬಾತ ಕೆನ್ನೆ ಹೊತ್ತು ಅವರ ಬಾಗಿಲಿಗೆ ಬಂದರು. ಅದೇನು ಮೊದಲ ಸಲವಲ್ಲ. ಟೀಚರಮ್ಮ ಸಭೆಯ ಹಿರಿಯರಿಗೆ ಹೇಳಿದರು. ಗಂಡ ಹೆಂಡಿರ ಮಾತು, ನಮಗ್ಯಾಕೆ ಎಂದರು ಹಿರಿಯರು. ಅವರಲ್ಲಿ ನಮ್ಮಪ್ಪನೂ ಒಬ್ಬ. ಟೀಚರಮ್ಮ ತಾವೇ ಆಕೆಯನ್ನು ಬಳ್ಳಾರಿಗೆ ಕರೆದೊಯ್ದು ತವರಿನಲ್ಲಿ ಬಿಟ್ಟು ಬಂದರು.

ಮುಂದಿನ ಭಾನುವಾರ ಪ್ರಭುಭೋಜನ, ಯೇಸುವಿನ ನೆನಪಿಗೆ ಸಭೆಯವರೆಲ್ಲ ಪಾದ್ರಿಯ ಕೈಯಿಂದ ರೊಟ್ಟಿಯ ಚೂರು ತೆಗೆದುಕೊಳ್ಳುವ ದಿನ. ಸಭಾಪಾಲಕರು ರೊಟ್ಟಿಯ ತಟ್ಟೆ ಎತ್ತಿದಾಗ ಟೀಚರಮ್ಮ ಎದ್ದು ನಿಂತರು.

“ಅಯ್ಯನೋರೆ, ಮೊದ್ಲು ಅಮ್ಮಾರ ಹತ್ರ ಹೋಗಿ ತಪ್ಪಾತು ಅನ್ರಿ. ಆಮ್ಯಾಲೆ ನಮಗ ರೊಟ್ಟಿ ಕೊಡ್ರಿ.”

ನಮ್ಮಪ್ಪ ಎದ್ದ. “ಕುಂದರ್ರಿ ಟೀಚರಮ್ಮ, ಇದು ದೇವರ ಮನಿ ಐತಿ.”

“ಅದಕ್ಕ ಇಲ್ಲಿ ಹೇಳಾಕತ್ತೀನ್ರಿ.”

ಮಕ್ಕಳ ಪಾಠವನ್ನು ಅವರಿಂದ ಕಿತ್ತುಕೊಂಡರು. ಚರ್ಚು ಬಿಡುತ್ತಾರೆ ಅಂದುಕೊಂಡೆವು. ಬಿಡಲಿಲ್ಲ. ಅದೇ ಎರಡನೇ ಬೆಂಚು, ಅದೇ ಏರುದನಿಯ ಹಾಡು. ಆದರೆ ಆ ಸಭಾಪಾಲಕರ ಕೈಯಿಂದ ರೊಟ್ಟಿ ತೆಗೆದುಕೊಳ್ಳಲಿಲ್ಲ. ಎಲ್ಲರೂ ಮುಂದೆ ಹೋದಾಗ ಒಬ್ಬರೇ ಮೊಣಕಾಲೂರಿ ಇರುತ್ತಿದ್ದರು.

“ಬ್ಯಾರೆ ಚರ್ಚಿಗೆ ಹೋಗಬಾರದೇನ್ರಿ?” ಎಂದು ಒಮ್ಮೆ ಕೇಳಿದ್ದೆ.

“ನಾ ನಂಬಿದ್ದು ಅಯ್ಯನೋರನ್ನ ಅಲ್ಲವ್ವ. ಅವರಿಗಂಜಿ ಯೇಸಪ್ಪನ್ನ ಯಾಕ ಬಿಡ್ಲಿ?”

ಮೂರು ವರ್ಷದ ಮೇಲೆ ಸಭಾಪಾಲಕರಿಗೆ ವರ್ಗವಾಯಿತು. ಹಾರ, ಶಾಲು, ಹೊಗಳಿಕೆ... ಹೆಂಡತಿ ಮಾತ್ರ ಮರಳಿರಲಿಲ್ಲ. ಹೊಸಬರು ಬಂದ ಮೇಲಿನ ಮೊದಲ ಪ್ರಭುಭೋಜನಕ್ಕೆ ಟೀಚರಮ್ಮ ಎಲ್ಲರಿಗಿಂತ ಮುಂದೆ ನಡೆದು ಹೋದರು. ಅಂದು ನಮ್ಮಪ್ಪ ಮಾತ್ರ ರೊಟ್ಟಿಗೆಂದು ಕೂತಲ್ಲಿಂದ ಏಳಲಿಲ್ಲ. ಆದರೂ ಪಾಠದ ಮಕ್ಕಳನ್ನು ಟೀಚರಮ್ಮನಿಗೆ ಯಾರೂ ವಾಪಸು ಕೊಡಲಿಲ್ಲ. ನಾನು ಮದುವೆಯಾಗಿ ಬಳ್ಳಾರಿಗೆ ಬಂದೆ...

ಅಪ್ಪ ಈಗ ನನ್ನ ಜೊತೆಗೇ ಇದ್ದಾನೆ. ಕುರುಗೋಡಿನಿಂದ ಬಂದವಳು ಟೀಚರಮ್ಮ ನೆನಪಾದರು ಎಂದೆ. ಅಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟ.

“ಅವರ ಮುಂದ ಹೋಗಿ ನಿಂತು ತಪ್ಪಾತು ಅನ್ನಾಕ ನನಗ ಧೈರ್ಯ ಬರಲಿಲ್ಲವ್ವ.”

ಅವರ ಪರವಾಗಿ ಅಪ್ಪನಿಗೆ ಎದುರು ಮಾತಾಡಲು ಅಂದು ನನಗೂ ಬಂದಿರಲಿಲ್ಲ. ನಾವಿಬ್ಬರೂ ಆ ತಪ್ಪು ಹೊತ್ತು ಅವರ ಮುಂದೆ ಹೋಗಿ ನಿಂತದ್ದು ಎರಡು ವರ್ಷದ ಹಿಂದೆ, ಅವರನ್ನು ಮಣ್ಣು ಮಾಡುವ ದಿನ.