ಒಲೆಯ ಮೇಲಿನ ಅಂಗಿಗಳು

ಕೊಡಗು ಮೈಸೂರಿಗೆ ಸೇರಿದ ಮೇಲಿನ ಎರಡನೆಯ ಮಳೆಗಾಲ. ಅಣ್ಣನಿಗೆ ಎಸ್ಟೇಟಿನಲ್ಲಿ ಕಾಫಿ ಗಿಡಗಳಿಗೆ ಔಷಧಿ ಹೊಡೆಸುವ ಕೆಲಸ ಸಿಕ್ಕಿತ್ತು. ಔಷಧಿ ಎಲೆಗೆ ಅಂಟಲೆಂದು ಅದಕ್ಕೆ ಮೀನೆಣ್ಣೆಯ ಸೋಪು ಬೆರೆಸುತ್ತಿದ್ದರು. ಮೀನು, ಮಾಂಸ ಹೊಸ್ತಿಲು ದಾಟದ ನಮ್ಮ ಮನೆಗೆ ಅವನು ದಿನಾ ಸಂಜೆ ಆ ವಾಸನೆ ಹೊತ್ತು ಬರುತ್ತಿದ್ದ. ಅತ್ತಿಗೆಗೆ ಆಗ ಮೂರು ತಿಂಗಳು. ತುತ್ತು ಒಳಗೆ ನಿಲ್ಲುತ್ತಿರಲಿಲ್ಲ. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು.

ಅಣ್ಣ ಸೀಗೆಪುಡಿ ಹಚ್ಚಿ ಎರಡೆರಡು ಸಲ ಮಿಂದ. ಕೊನೆಗೆ ಜಗಲಿಯಲ್ಲೇ ಉಂಡು ಅಲ್ಲೇ ಮಲಗತೊಡಗಿದ.

"ಗಂಡನಿಗೆ ಜಗಲಿ, ಬೆಕ್ಕಿಗೆ ಒಳಮನೆ," ಎಂದು ಅವ್ವ ನಗಾಡಿದಳು.

ಅತ್ತಿಗೆ ನಗಲಿಲ್ಲ. "ಅವರ ಮೈಯಲ್ಲಲ್ಲ ಕಣೆ, ಅನ್ನದಲ್ಲೇ ಐತೆ ವಾಸನೆ," ಎಂದು ನನಗೆ ಹೇಳಿದಳು. ಬಸುರಿಯ ಮೂಗು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶನಿವಾರ ಸಂತೆಗೆ ಬರುವ ಅವಳ ಅಪ್ಪ ತವರಿಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಹೋದರೆ ಹೆರಿಗೆ ಮುಗಿಯುವ ತನಕ ಬರುವಂತಿಲ್ಲ. ಅವಳಿಗೆ ಹೋಗುವ ಮನಸ್ಸಿರಲಿಲ್ಲ.

ಅವಳು ದಿನಕ್ಕೆ ಎಷ್ಟು ಸೌಟು ಗಂಜಿ ಉಳಿಸಿಕೊಂಡಳೆಂದು ನಾನು ದಿನಚರಿಯಲ್ಲಿ ಗುರುತು ಹಾಕುತ್ತಿದ್ದೆ. ಜೂನ್ ಹದಿನಾರು, ಸೋಮವಾರ: ಸೊನ್ನೆ. ಮಂಗಳವಾರ: ಎರಡು. ಬುಧವಾರ: ಸೊನ್ನೆ. ಹಿಂದಿನ ವಾರವೂ ಅದೇ. ಅದೇ ಪುಟದ ಅಂಚಿನಲ್ಲಿ ನಾನು ಒಗೆದ ಬಟ್ಟೆಯ ಲೆಕ್ಕವಿತ್ತು. ಸೊನ್ನೆ ಬಿದ್ದ ಪ್ರತಿ ದಿನ ನಾನು ಅಣ್ಣನ ಅಂಗಿಗಳನ್ನು ಒಗೆದಿದ್ದೆ.

ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗುವುದು ಅಡುಗೆ ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಯಲ್ಲಿ. ಕೆಳಗೆ ಕುದಿಯುವ ಎಸರು, ಮೇಲೆ ಹಬೆಯಾಡುವ ಅಂಗಿ. ಅತ್ತಿಗೆಗೆ ಉಪಕಾರ ಮಾಡುತ್ತಿದ್ದೇನೆಂದು ತಿಳಿದು ನಾನೇ ಅವಳನ್ನು ಉಪವಾಸ ಕೆಡವಿದ್ದೆ.

ಗುರುವಾರ ಅಂಗಿಗಳನ್ನು ಬಚ್ಚಲುಮನೆಯ ಹಗ್ಗಕ್ಕೆ ಸಾಗಿಸಿದೆ. ತಟ್ಟಿಯನ್ನು ಬೂದಿ, ಹೇರಳೆಹಣ್ಣಿನ ಹುಳಿ ಹಾಕಿ ಮೂರು ಸಲ ಉಜ್ಜಿದೆ. ಬಿದಿರು ಎಣ್ಣೆ ಕುಡಿದುಬಿಟ್ಟಿತ್ತು, ವಾಸನೆ ಬಿಡಲಿಲ್ಲ. ಕಡಿದು ಹಂಡೆಯೊಲೆಗೆ ಹಾಕಿದೆ.

"ನಮ್ಮತ್ತೆ ಕಾಲದ ತಟ್ಟಿ ಕಣೆ ಅದು," ಎಂದಳು ಅವ್ವ.

"ಅತ್ತಿಗೆಯ ಮಗು ಈ ಕಾಲದ್ದಲ್ವಾ?" ಎಂದೆ. ಉಳಿದ ವಾಸನೆ ಹೋಗಲೆಂದು ಅವ್ವ ಒಣಗಿದ ಕಿತ್ತಳೆ ಸಿಪ್ಪೆ ತಂದು ತಾನೇ ಅಡುಗೆ ಒಲೆಯ ಕೆಂಡದ ಮೇಲೆ ಸುರಿದಳು.

ಶುಕ್ರವಾರ: ಎರಡೂವರೆ ಸೌಟು. ಶನಿವಾರ ಬೆಳಿಗ್ಗೆ: ಮೂರು.

ಮಧ್ಯಾಹ್ನ ಅತ್ತಿಗೆಯ ಅಪ್ಪ ಸಂತೆಯಿಂದ ಬಂದು, "ಗಂಟು ಕಟ್ಟಿದ್ಯೇನವ್ವ?" ಎಂದರು.

"ಇಲ್ಲ ಅಪ್ಪಯ್ಯ. ಕೈಕಾಲು ತೊಳ್ಕೊಳ್ಳಿ, ಉಣ್ಣೋಣ," ಎಂದು ಅತ್ತಿಗೆ ಅಡುಗೆಮನೆಯಲ್ಲಿ ಎಲೆ ಹಾಕಿದಳು. ಆಮೇಲೆ, ಅರ್ಧ ದಿನದ ಕೆಲಸ ಮುಗಿಸಿ ಅಣ್ಣ ಕೂತಿದ್ದ ಜಗಲಿಯತ್ತ ಗಲ್ಲ ಎತ್ತಿ ನನಗೆ ಹೇಳಿದಳು: "ನಿಮ್ಮಣ್ಣನ್ನೂ ಒಳಗೆ ಕರಿ."